ಎಂಜಿನ್ನಿಗೆ ಪೌಡರ್

ಮೊದಲು ಕಂಡದ್ದು ನನಗಲ್ಲ, ಎದುರುಮನೆ ಗಿರಿಜಾಂಬನಿಗೆ.
ಜಾಗವಿಲ್ಲದ್ದಕ್ಕೆ ಅವಳ ಗೇಟಿನ ಪಕ್ಕವೇ ನಿಲ್ಲಿಸುತ್ತಿದ್ದೆ.
ರಂಗೋಲಿಯಲ್ಲಿ ಒಂದು ಚುಕ್ಕಿ ಹೆಚ್ಚಾಗಿತ್ತು,
ಕರಿದು, ನೀರು ಹಾಕಿ ಉಜ್ಜಿದರೆ ಹರಡುವಂಥದ್ದು.
"ನಿಮ್ಮ ಕಾರು ಸೋರ್ತದೆ ಕಣ್ರೀ" ಅಂದಳು,
ಮಗು ಚಡ್ಡಿ ಒದ್ದೆ ಮಾಡಿಕೊಂಡಿದೆ ಎನ್ನುವ ದನಿಯಲ್ಲಿ.

ಕೆಎ ಹದಿಮೂರು, ತೊಂಬತ್ತಾರರ ಮಾರುತಿ ಎಂಟುನೂರು,
ನೆತ್ತಿಯ ಮೇಲೆ ಕೆಂಪು ಎಲ್ ಬರೆದ ತಗಡು,
ನನ್ನ ಕಾಲ ಬುಡದಲ್ಲೂ ಒಂದು ಬ್ರೇಕು.
ಹಾಸನದ ಅರ್ಧ ಊರು ಕ್ಲಚ್ ಬಿಡುವುದು ಕಲಿತದ್ದು ಇದರಲ್ಲೇ:
ದೊಡ್ಡಾಸ್ಪತ್ರೆಯ ನರ್ಸುಗಳು,
ಅರವತ್ತಕ್ಕೆ ಧೈರ್ಯ ಬಂದ ಲೈನ್‌ಮನ್ ಚೆನ್ನವೀರಯ್ಯ,
ಸಾಲಗಾಮೆ ರಸ್ತೆಯ ಹಂಪುಗಳಿಗೆಲ್ಲ ಕ್ಷಮೆ ಕೇಳುತ್ತಿದ್ದ ಒಬ್ಬ ಮೇಷ್ಟರು.

"ಹಿಂದಿನ ಸೀಲು" ಅಂದ ಹೊಸ ಬಸ್‌ಸ್ಟ್ಯಾಂಡಿನ ಹತ್ತಿರದವನು,
ಬಗ್ಗಿಯೂ ನೋಡದೆ.
"ಗೇರ್‌ಬಾಕ್ಸ್ ಇಳಿಸ್ಬೇಕು, ಒಂಬತ್ತು ಸಾವಿರ."
ಬಿ.ಎಂ. ರಸ್ತೆಯವನದು ಇನ್ನೂ ದೊಡ್ಡ ಮನಸ್ಸು:
"ಗುಜರಿಗೆ ಹಾಕಿ ಮೇಡಂ, ನಾನೇ ತಗೋತೀನಿ."

ಸಂತೆಪೇಟೆಯ ಸಿರಿಲ್ ಮೇಸ್ತ್ರಿ ಮಾತಾಡಲಿಲ್ಲ.
ಸೋರಿದ್ದರಲ್ಲಿ ಬೆರಳದ್ದಿ, ಮೂಸಿ,
ಎರಡು ಬೆರಳ ನಡುವೆ ಎಳೆ ತೆಗೆದು ನೋಡಿದ,
ಪಾಕ ಬಂತಾ ಎಂದು ನಮ್ಮಮ್ಮ ನೋಡುತ್ತಿದ್ದ ಹಾಗೆ.
"ಗೇರ್ ಆಯಿಲ್ ಅಲ್ಲ, ಆ ನಾತ ಇಲ್ಲ. ಎಂಜಿನ್ನಿಂದೇ."
ಆಮೇಲೆ ಹುಡುಗನಿಗೆ: "ಅಫ್ರೋಜ್, ಸ್ನಾನ ಮಾಡಿಸು."

ಸೀಮೆಎಣ್ಣೆ, ಹಲ್ಲುಜ್ಜುವ ಹಳೇ ಬ್ರಷ್ಷು, ಬನಿಯನ್ ಚೂರು.
ಇಪ್ಪತ್ತೇಳು ವರ್ಷದ ಕೊಳೆ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಬಿಟ್ಟು
ಬೆಳ್ಳಗಿನ ಅಲ್ಯೂಮಿನಿಯಂ ನಾಚಿಕೊಂಡು ಹೊರಬಂತು.
ಒಣಗಿದ ಮೇಲೆ ಮೇಸ್ತ್ರಿ ಜೇಬಿನಿಂದ ತೆಗೆದದ್ದು
ಸ್ಪ್ಯಾನರ್ ಅಲ್ಲ, ಮೊಮ್ಮಗಳ ಪೌಡರ್ ಡಬ್ಬಿ.
ಕೆನ್ನೆಗೆ ಹಚ್ಚಿದಂತೆ ಎಂಜಿನ್ನಿಗೆಲ್ಲ ಹಚ್ಚಿ,
"ಡೈರಿ ಸರ್ಕಲ್ ತನಕ ಹೋಗಿ ಬನ್ನಿ. ರೇಸ್ ಕೊಡಿ."

ಹೋಗಿ ಬಂದೆ. ಗ್ಯಾರೇಜೆಲ್ಲ ಮಲ್ಲಿಗೆ ವಾಸನೆ,
ಬಿಸಿ ಕಬ್ಬಿಣದ ಮೇಲೆ ಸುಟ್ಟ ಮಲ್ಲಿಗೆ.
ಬಾನೆಟ್ ಎತ್ತಿ ಟಾರ್ಚು ಬಿಟ್ಟರೆ
ಬಿಳಿಯ ಮೇಲೆ ಒಂದೇ ಒಂದು ಕರೀ ದಾರಿ,
ಇರುವೆ ನಡೆದಷ್ಟು ಸಣ್ಣದು.
ಬುಡದಲ್ಲಲ್ಲ, ನೆತ್ತಿಯಲ್ಲಿ ಹುಟ್ಟಿ,
ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಇಳಿದು,
ಗೇರ್‌ಬಾಕ್ಸಿನ ಹೆಗಲು ಬಳಸಿ,
ಸುಮ್ಮನೆ ಬೈಸಿಕೊಂಡ ಆ ಸೀಲಿನ ಕೆಳಗೆ ತೊಟ್ಟಾಗಿ ತೂಗುತ್ತಿತ್ತು.
"ಬಿದ್ದ ಕಡೆ ನೋಡೋರೇ ಎಲ್ಲ" ಅಂದ ಮೇಸ್ತ್ರಿ, "ಹತ್ತಿ ನೋಡ್ಬೇಕು."

ಹಾಗಾದರೆ ಪ್ಯಾಕಿಂಗ್ ಬದಲಿಸಿದರೆ ಆಯ್ತಲ್ಲ, ಎಂದೆ.
ನೂರೆಂಬತ್ತು ರೂಪಾಯಿ; ಮನಸ್ಸಿನಲ್ಲೇ ಲೆಕ್ಕ ಮುಗಿಸಿದ್ದೆ.
ಅವನು ಓಡುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದು
"ಅಂಗೈ ಇಡಿ" ಅಂದ.
ಒಳಗಿಂದ ಬುಸುಬುಸು ಬಂದು ಬಡಿಯಿತು,
ಏನೋ ಹೇಳಲು ಓಡಿ ಬಂದವರ ಉಸಿರು.
"ಪ್ಯಾಕಿಂಗ್ ಹೋಗಿದ್ದು ನಿಜ. ಯಾಕೆ ಹೋಯ್ತು?
ಉಸಿರಾಡೋ ಪೈಪು ಕಟ್ಟಿದೆ.
ದಾರಿ ಇಲ್ಲದ್ದು, ಎಲ್ಲಿ ಮೆತ್ತಗಿದೆಯೋ ಅಲ್ಲಿ ತಳ್ತದೆ."

ಪೈಪಿನೊಳಗೆ ಹಳೇ ಹುಣಸೆಯಂಥ ಕಪ್ಪು ಅಂಟು.
ಸೈಕಲ್ ಕಡ್ಡಿ ತೂರಿಸಿ ಅಫ್ರೋಜ್ ಬಾಯಿಟ್ಟು ಊದಿದ,
ಮೂರನೇ ಸಲಕ್ಕೆ ಪುಳಕ್ಕನೆ ಹಾರಿ
ಅದು ಅಂಟಿದ್ದು ಗೋಡೆಯ ಕ್ಯಾಲೆಂಡರಿಗೆ,
ಬರುವ ಮಂಗಳವಾರದ ಮೇಲೆ.

ಹೊಸ ರಬ್ಬರ್ ಕೂರಿಸಿ ಬೋಲ್ಟು ಬಿಗಿಯಲು ನನಗೇ ಕೊಟ್ಟ.
ನಾನು ಇಡೀ ತೋಳು ಹಾಕಿದೆ.
"ಸಾಕು, ಸಾಕಮ್ಮ! ಹಿಂಡಿದ್ರೆ ಅದು ಬಾಯಿ ಬಿಡ್ತದೆ."
ಸ್ಟಿಯರಿಂಗ್ ಹಿಸುಕುವವರಿಗೆಲ್ಲ
ದಿನಾ ಬೆಳಿಗ್ಗೆ ಆರಕ್ಕೆ ಇದನ್ನೇ ಹೇಳುವವಳು ನಾನು.

ಒಟ್ಟು ಐನೂರ ಇಪ್ಪತ್ತು. ಪೌಡರಿನ ದುಡ್ಡು ಕೇಳಲಿಲ್ಲ.

ರಾತ್ರಿ ಕಾರಿನಡಿ ರಟ್ಟು ಹಾಸಿದೆ.
ಬೆಳಿಗ್ಗೆ ನೋಡಿದರೆ ಒಂದು ತೊಟ್ಟು. ಎದೆ ಧಸಕ್ಕೆಂದಿತು.
ಫೋನಿನಲ್ಲಿ ಮೇಸ್ತ್ರಿ ಕಾಫಿ ಹೀರುತ್ತ,
"ಸಂದೀಲಿ ಉಳಿದದ್ದು. ಇಳೀಲಿ ಬಿಡಿ."
ಮರುದಿನ ಅರ್ಧ ತೊಟ್ಟು. ಆಮೇಲೆ ರಟ್ಟು ಬರೀ ರಟ್ಟು.

ಗಿರಿಜಾಂಬನ ಗೇಟಿನ ಕಲೆ ಮಾತ್ರ ಹೋಗಲಿಲ್ಲ.
ಸೋಡಾಪುಡಿ, ನಿಂಬೆಸಿಪ್ಪೆ, ಬೈಗುಳ, ಎಲ್ಲ ಆದ ಮೇಲೆ
ಈಗ ಅದನ್ನೇ ನಡುವಿನ ಚುಕ್ಕಿ ಮಾಡಿಕೊಂಡು
ಹದಿನೈದರಿಂದ ಎಂಟಕ್ಕೆ ಸಂದುಚುಕ್ಕಿ ಇಡುತ್ತಾಳೆ.
ನಾನು ರಿವರ್ಸ್ ತೆಗೆಯುವಾಗ
ಪೊರಕೆ ಎತ್ತಿ ಹಿಡಿದು ಕೂಗುತ್ತಾಳೆ:
"ಎಡಕ್ಕೆ, ಎಡಕ್ಕೆ ರೀ, ಚುಕ್ಕಿ!"