ಕಾವು

ಭಾನುವಾರದ ಬಜಾರಿನಲ್ಲಿ, ಬಿಚ್ಚಿದ ಮಿಕ್ಸಿಗಳ
ಒಂಟಿ ಬೂಟುಗಳ ನಡುವೆ ಬಾಯಿ ಮೊಂಡಾಗಿ ಬಿದ್ದಿತ್ತು.
ಬಾಬಾಜಾನ್ ಮುನ್ನೂರು ಅಂದ. ನಾನು ನೂರೈವತ್ತು.
"ಕಬ್ಬಿಣ ನೋಡಿ ಅಮ್ಮಾ," ಎಂದು ಸ್ಪ್ಯಾನರಿನಿಂದ ತಟ್ಟಿದ.
ಉಲಿಯಿತು. ಆ ಸದ್ದಿಗೇ ಇನ್ನೆಪ್ಪತ್ತು ಕೊಟ್ಟೆ.

ಚಿಕ್ಕಪೇಟೆ ಮೆಟ್ರೋದಲ್ಲಿ ಚೀಲ ಒಳಗೆ ಹೋಗಿ
ಹೊರಗೆ ಬರಲಿಲ್ಲ. ಪರದೆ ನೋಡುತ್ತಿದ್ದ ಹುಡುಗಿ ಕರೆದಳು.
"ಏನಿದು?" "ಕೊಡಲಿ." "ಬಿಡಲ್ಲ."
"ಕಾವೇ ಇಲ್ಲವಲ್ಲಮ್ಮ, ಇನ್ನೆಲ್ಲಿಯ ಕೊಡಲಿ?"
ಅವಳು ಮೇಲಿನವರನ್ನು ಕೇಳಿದಳು, ಅವರು ಇನ್ನೊಬ್ಬರನ್ನು.
ಕಾವಿಲ್ಲದ್ದು ಕೊಡಲಿಯೋ ಅಲ್ಲವೋ ತೀರ್ಮಾನವಾಗದೆ
ಮಾರ್ಕೆಟ್ಟಿನಿಂದ ಕೆ.ಆರ್. ಪುರದ ಬಸ್ಸು ಹಿಡಿದೆವು,
ನಾನೂ ಅದೂ, ಒಂದೇ ಸೀಟಿನಲ್ಲಿ.

ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಸಾಸಿವೆ ಗಾತ್ರದ ಸ್ಕ್ರೂ ತಿರುಗಿಸಿದ ಕೈ ಇದು.
ಯಾಕೆ ಕೊಂಡೆ ಎಂದು ಕೇಳಬೇಡಿ.
ಎರಡನೇ ಮಹಡಿಯಲ್ಲಿ ಒಲೆಯಿಲ್ಲ, ಸೌದೆಯಿಲ್ಲ,
ಕಡಿಯಲು ಇರುವುದು ಕುಂಡದ ದೊಡ್ಡಪತ್ರೆ.

ಇಡ್ಲಿ ಪಾತ್ರೆಯಲ್ಲಿ ಹುಣಸೆ ಕಿವುಚಿ ಎರಡು ದಿನ ಮುಳುಗಿಸಿಟ್ಟೆ.
ತುಕ್ಕು ಸಾರಿನ ಬಣ್ಣಕ್ಕೆ ತಿರುಗಿ ಬಿಟ್ಟುಕೊಟ್ಟಿತು.
ನಾರಿನಿಂದ ಉಜ್ಜಿದಲ್ಲಿ ಮೂರು ಚುಕ್ಕೆ, ಒಂದು ಅಕ್ಷರ: ದೊ.
ದೊಡ್ಡಯ್ಯನೋ, ದೊರೆಸ್ವಾಮಿಯೋ,
ಬರೀ ದೊಡ್ಡದು ಎಂದೋ.
ಕಣ್ಣಿನೊಳಗೆ ಅವನ ಮುರಿದ ಕಾವಿನ ತುಂಡು ಸಿಕ್ಕಿಕೊಂಡೇ ಇತ್ತು.
ಡ್ರಿಲ್ ಇಟ್ಟೆ, ಕರಿಪುಡಿ ಉದುರಿತು.
ಯಾರದೋ ಬೆವರು ನಾರುತ್ತದೆ ಅಂದುಕೊಂಡರೆ
ನಾರಿದ್ದು ಗ್ರೀಸು.

ಬಾಯಿಗೆ ಅರ ತಿಕ್ಕುವ ಸದ್ದಿಗೆ
ಹಲ್ಲು ಜುಮ್ಮೆನ್ನುತ್ತೆ ಎಂದು ಜಗಳಕ್ಕೆ ಬಂದ
ಕೆಳಮನೆಯ ಫಿಲೋಮಿನಾ
ಅರ್ಧ ಗಂಟೆ ಕೂತು ತಾನೂ ತಿಕ್ಕಿ ಹೋದಳು.

ಮರ ಮೊದಲೇ ಇತ್ತು. ಹೋದ ಮೇ ತಿಂಗಳ ಗಾಳಿಗೆ
ನಾಲ್ಕನೇ ಕ್ರಾಸಿನ ಹುಣಸೆ ಒಂದು ಆಟೋ ಮೇಲೆ ಮಲಗಿದಾಗ
ಪಾಲಿಕೆಯವರ ಗರಗಸದ ಪಕ್ಕ ನಿಂತು
ತೋಳುದ್ದದ ಕೊಂಬೆ ಬೇಡಿ ತಂದಿದ್ದೆ. ಆಗಲೂ ಯಾಕೋ.
ಮಂಚದ ಕೆಳಗೆ ವರ್ಷ ಪೂರ್ತಿ ಒಣಗಿತು,
ಮೇಲೆ ಮಲಗಿ ಕಾವು ಕೊಟ್ಟವಳು ನಾನು.

ಮೌನೇಶಾಚಾರಿ ಸೀಳಿ, ಎಳೆ ನೋಡಿ,
ನೆಟ್ಟಗಿನ ಅರ್ಧ ಆರಿಸಿ ಕೊಟ್ಟರು.
"ಉಳಿದದ್ದು ಗಂಟು, ಸುಡೋಕಷ್ಟೇ."
ದುಡ್ಡು ಮುಟ್ಟಲಿಲ್ಲ, ಉಳಿ ಎರವಲು ಕೊಡಲೂ ಇಲ್ಲ.
ಒಡೆದ ಉಪ್ಪಿನಕಾಯಿ ಬಾಟಲಿಯ ಚೂರಿನಿಂದ ಹೆರೆದೆ.
ಟೆರೇಸಿನ ತುಂಬ ಸುರುಳಿ, ಅಳಿಲು ಒಂದಷ್ಟು ಹೊತ್ತೊಯ್ದಿತು.
ಅಂಗೈಗೆ ಚುಚ್ಚಿದಲ್ಲಿ ಇನ್ನೊಂದಿಷ್ಟು.
ಕಣ್ಣಿಗೆ ಕಾವು, ಕಾವಿಗೆ ಬೆಣೆ, ಬೆಣೆಗೆ ನಾಲ್ಕು ಏಟು.

ಮೆಟ್ರೋದವರು ಈಗ ಬಂದು ನೋಡಲಿ.

ಪರೀಕ್ಷೆಗೆ ಮನೆಯಲ್ಲಿದ್ದ ಮರ ಒಂದೇ,
ಅದೇ ಕೊಂಬೆಯ ಇನ್ನರ್ಧ, ಗಂಟಿನದು.
ಕೊಡಲಿ ಕಾವು ಕುಲಕ್ಕೆ ಮೃತ್ಯು:
ಕೆರೆಯಂಗಳದ ಹೊಲವನ್ನು ಅಣ್ಣತಮ್ಮಂದಿರಿಂದ
ಲೇಔಟಿಗೆ ಬರೆಸಿಕೊಟ್ಟ ಮಾವನನ್ನು ಕಂಡಾಗೆಲ್ಲ
ಅಜ್ಜಿ ಗೋಡೆಗೆ ಹೇಳುತ್ತಿದ್ದ ಗಾದೆ.
ಕಟ್ಟಿದವರು ಕಾವನ್ನು ಒಂದು ಮಾತು ಕೇಳಿದ್ದರೋ ಇಲ್ಲವೋ.
ಎತ್ತಿದೆ. ಮೊದಲ ಏಟು ಹುಸಿಹೋಯಿತು.
ಎರಡನೆಯದಕ್ಕೆ ಗಂಟು ಬಿಟ್ಟುಕೊಂಡಿತು, ಒಳಗೆ ಕಗ್ಗಂದು ತಿರುಳು.
ಅಂಗೈಯೊಳಗಿನ ಅರ್ಧ ನಡುಗಿತು,
ಏಟಿಗೇ ಇರಬೇಕು.
ಚಕ್ಕೆಗಳನ್ನು ಇಸ್ತ್ರಿಯ ಮುನಿಯಲ್ಲಪ್ಪ
ಇದ್ದಿಲು ಹೊತ್ತಿಸಲು ಒಯ್ದ.

ತಲೆ ಚೂರು ಅಲುಗುತ್ತಿದೆ.
"ನೀರಲ್ಲಿ ನಿಲ್ಸಿ, ಊದಿ ಹಿಡ್ಕೊಳ್ಳುತ್ತೆ," ಫೋನಿನಲ್ಲಿ ಆಚಾರಿ.
ಕಾವೇರಿ ಬರುವುದು ನಾಳಿದ್ದು. ಇರುವುದು ಎರಡು ಬಕೆಟ್ಟು.
ಒಂದನ್ನು ಅದಕ್ಕೆ ಕೊಟ್ಟೆ.
ನಡುರಾತ್ರಿ ಬಚ್ಚಲಿನ ದೀಪ ಹಾಕಿ ನೋಡಿದರೆ
ನೀರು ಕೂದಲೆಳೆಯಷ್ಟು ಇಳಿದಿದೆ.
ಹೋದ ವರ್ಷ ಮುರಿದ ಹುಣಸೆ
ತಲೆಕೆಳಗಾಗಿ ನಿಂತು ಕುಡಿಯುತ್ತಿದೆ.
ಕುಡಿಯಲಿ.
ನಾಳೆ ನನಗೆ ಎರಡು ತಂಬಿಗೆ ಸಾಕು.