ಹಿಮ್ಮಡಿ

ಬ್ರಹ್ಮಪುರದ ಓಣಿಯೊಳಗ ತಗಡಿನ ಕೋಣಿ.
ಜಗದೇವಿ ಹಲಗಿಗೆ ಅಂಟು ಸವರಿ
ಕಂಪೌಂಡರ್ ಮಾಣಿಕಪ್ಪನ ಮುಂದ ಇಟ್ಟಳು
ತೊಗರಿ ಹೊಟ್ಟು, ಸೆಣಬು, ಶಹಾಬಾದ್ ಕಲ್ಲಿನ ಪುಡಿ.
"ಮಾತು ಬ್ಯಾಡ ಕಾಕಾ, ಮುಟ್ಟಿ ನೋಡ್ರಿ."

ಮುಟ್ಟಿದ. ತಲಿ ಅಲ್ಲಾಡಿಸಿದ.
ಜಾಲಿ ತೊಗಟಿ?
ಅದೂ ಅಲ್ಲ.

ಮೂರನೇ ಮಂಗಳವಾರ
ಎರಿ ಮಣ್ಣು ಕಲಸಿ ತಾನೇ ಮೆತ್ತಿದ.
ಒಣಗಿ ಬಿರಕು ಬಿಟ್ಟಿತು.
ಬೆರಳು ಅಲ್ಲೇ ನಿಂತಿತು.
"ಆಕಿ ಹಿಮ್ಮಡಿ" ಅಂದ,
ವರ್ಷದ ಮ್ಯಾಲ ಮೊದಲ ಮಾತು.

ಮರುವಾರ ಕಿಸೆಯೊಳಗ
ಕುಸುಬಿ ಎಣ್ಣಿ ಶೀಸೆ.
ದಿನಾ ರಾತ್ರಿ ಹಚ್ಚಿದ ಕೈ ಅದು,
ಬಿರಕಿನುದ್ದಕ್ಕೂ ಉಜ್ಜತದ, ಮೆಲ್ಲಕ,
ನೋವಾದೀತಂತ.

ಎಣ್ಣಿ ಬಿದ್ದರ ಅಂಟು ಹಿಡಿಯೂದಿಲ್ಲ,
ಮಣ್ಣೆಲ್ಲ ಉದುರತದ.
ಜಗದೇವಿಗೆ ಗೊತ್ತದ.

ಬಾಗಿಲ ಮುಂದ ಮಾಡಿ
ಚಾಕ್ಕ ನೀರಿಟ್ಟಳು.