ಎರಡೂವರೆ ಆವರ್ತನ

ಮಶಾಕಸಾಬ ಬಿಚ್ಚಿದ್ದು ಸುಣ್ಣದ ಡಬ್ಬಿ.
ಎಲೆಗೆ ಸವರಿ ಉಳಿದ ಸುಣ್ಣದ ನಡುವೆ
ಅವನ ಮೇಲಿನ ಮುಂದಿನ ಹಲ್ಲು,
ಅಂದರೆ ಹಲ್ಲಿನ ಟೊಪ್ಪಿಗೆ, ಪಿಂಗಾಣಿಯದು.

‘ಮೈಂದರಗಿ ವರಾತದಾಗ ಕಳಚಿತ್ರಿ ಡಾಕ್ಟರಬಾಯಿ.
ಕ್ಲಾರ್ನೆಟ್ ಬಾಯಾಗ, ಹಿಂದ ಕುದುರಿ, ಅದರ ಹಿಂದ ಜನರೇಟರ್ ಗಾಡಿ.
ನುಂಗಲಿಲ್ಲ, ಪುಣ್ಯಾ.
ಗಲ್ಲದಾಗ ಇಟಗೊಂಡ ಇನ್ನೊಂದ ಹಾಡ ಊದೀನಿ.’

ಅಕ್ಕಲಕೋಟೆ ಬಸ್ ಸ್ಟ್ಯಾಂಡಿನ ಎದುರು ನನ್ನ ಎರಡು ಕೋಣೆ.
ಹೊರಗೆ ಬೋರ್ಡು ಮರಾಠಿಯಲ್ಲಿ,
ಒಳಗೆ ನರಳುವುದು ಕನ್ನಡದಲ್ಲಿ.

ದೀಪದಡಿ ಟೊಪ್ಪಿಗೆಯನ್ನು ಮಗುಚಿ ನೋಡಿದೆ.
ಒಳಗೋಡೆ ಹೊಸ ಬಟ್ಟಲಿನಂತೆ ಥಳಥಳ.
ಯಾರೋ ತೊಳೆದಿದ್ದಾರೆ, ಒರೆಸಿದ್ದಾರೆ,
ಸಿಮೆಂಟು ತುಂಬಿ ಒತ್ತಿದ್ದಾರೆ.
ಕೊರೆದಿಲ್ಲ.
ಹಳೆಯ ಸಿಮೆಂಟೆಲ್ಲ ಹಲ್ಲಿನ ಕಡೆ ಕಚ್ಚಿಕೊಂಡಿತ್ತು;
ಪಿಂಗಾಣಿಯ ಕಡೆ ಬಂದುಹೋದ ಗುರುತೂ ಇಲ್ಲ.

ಹಲ್ಲು ಕೆರೆದು, ಮೊದಲು ಕೂರಿಸಿ ನೋಡಿದೆ. ಅಂಚಿಗೆ ಅಂಚು.
ಕನ್ನಡಿ ಕೊಟ್ಟರೆ ಹಲ್ಲು ಬಿಟ್ಟು ನಕ್ಕ. ಉಗುಳು ತಾಗಿತು.
ತಾಗುವುದಿದ್ದರೆ ಈಗಲೇ ತಾಗಲಿ,
ಆಮೇಲೆ ಉಸಿರೂ ತಾಗಬಾರದು.

ಕೈಗವಸು ಎರಡು ಜೊತೆ. ಕಿಟಕಿ ತೆರೆದೆ.
ಈ ಆಮ್ಲ ಗಾಜನ್ನು ತಿನ್ನುತ್ತದೆ. ಬೆರಳು ಸಿಕ್ಕರೆ
ಸದ್ದಿಲ್ಲದೆ ಒಳಗಿಳಿದು ಎಲುಬು ಹುಡುಕುತ್ತದೆ.
ಅದಕ್ಕೇ ಅವನ ಬಾಯಿಂದ ದೂರ, ಸಿಂಕಿನ ಪಕ್ಕ,
ಸಾಸಿವೆಯಷ್ಟು ಹಳದಿ ಜೆಲ್ಲು, ಇಪ್ಪತ್ತು ಸೆಕೆಂಡು.
ಕಡಿಮೆಯಾದರೆ ಕಚ್ಚದು,
ಹೆಚ್ಚಾದರೆ ಪಿಂಗಾಣಿಯೇ ಬಡವಾದೀತು.

ತಲೆಯೆತ್ತಿದರೆ ಗೋಡೆಯ ಗಡಿಯಾರ ನಿಂತಿದೆ.
ಫೋನು ಮುಟ್ಟಿದರೆ ಕೈಗವಸು ಬದಲಿಸಬೇಕು.
ನಾನು ಎಣಿಸ್ತೀನಿ ಅಂದಳು ಛಾಯಾ, ಏಕ್, ದೋನ್, ತೀನ್;
ಒಂದು, ಎರಡು ಅಂತ ನಾನು, ಅವಳಿಗಿಂತ ಆಗಲೇ ಮುಂದೆ.
ಕುರ್ಚಿಯಿಂದ ನಗು.
‘ಇಬ್ಬರೂ ಓಡಾಕತ್ತೀರಿ.
ಕೆಹರವಾ ಎಂಟ ಮಾತ್ರಾ. ವರಾತದ ನಡಿಗಿ.
ಇಪ್ಪತ್ತಂದ್ರ ಎರಡೂವರಿ ಆವರ್ತನ. ಶುರು ಮಾಡ್ರಿ.’

ಜೆಲ್ಲು ಇಳಿಯಿತು. ಟಪ್ ಎಂದಿತು ಅವನ ಚಪ್ಪಲಿ.
ಒಂದು ಸುತ್ತು. ಬೀದಿಯಲ್ಲಿ ಗುರುವಾರದ ಜನ.
ಎರಡನೆಯದು. ಸೋಲಾಪುರದ ಬಸ್ಸು ಹಾರ್ನು ಬಡಿಯಿತು,
ಕಾಲು ಎಡವಲಿಲ್ಲ.
ಅರ್ಧಕ್ಕೆ ಪಾದ ಎತ್ತಿ ಗಾಳಿಯಲ್ಲೇ ಹಿಡಿದ.
ನಾನು ನೀರು ಬಿಟ್ಟೆ.

ಒಣಗಿಸಿದರೆ ಸುಣ್ಣದಂಥ ಬಿಳುಪು.
ಮೋಸದ ಬಿಳುಪು ಅದು, ಕೊರೆದಾಗ ಉದುರಿದ ಹುಡಿ;
ಅದರ ಮೇಲೆ ಅಂಟಿಸಿದರೆ ಹುಡಿಗೆ ಅಂಟೀತು.
ಸ್ಪಿರಿಟ್ಟಿನಲ್ಲಿ ಮುಳುಗಿಸಿ ಯಂತ್ರದಲ್ಲಿ ನಡುಗಿಸಿದೆ.
ಆಮೇಲೆ ಬಂತು ನಿಜವಾದ ಮಂಕು,
ಬಾಯಿಹಬೆ ಬಿದ್ದ ಕನ್ನಡಿ,
ಒರೆಸಿದರೂ ಹೋಗದ ಹಬೆ.

ತೋರಸ್ರಿ ಅಂದ. ಇಕ್ಕಳದ ತುದಿಯಲ್ಲಿ, ದೂರದಿಂದ ತೋರಿಸಿದೆ.
‘ನಮ್ಮ ರೀಡೂ ಹಿಂಗ. ಅಂಗಡಿಂದ ತಂದಾಗ ಭಾಳ ನುಣಪ,
ಮಾತಾಡಂಗಿಲ್ಲ. ಗಾಜಿನ ಚೂರಲೆ ಕೆರೀತೀನಿ.’
ಎಷ್ಟು ಹೊತ್ತು?
‘ಅದಕ ಮಾತ್ರಾ ಇಲ್ಲರಿ.’

ಸಿಲೇನ್, ತೆಳು ಪದರ, ಒಂದು ನಿಮಿಷ.
ಚಪ್ಪಲಿ ಮತ್ತೆ ಶುರು, ಈ ಸಲ ಏಳೂವರೆ.
ಒಂದು ಕೈ ಗಾಜಿಗೆ ಕೊಟ್ಟು ಇನ್ನೊಂದು ರಾಳಕ್ಕೆ ಚಾಚುತ್ತದೆ,
ಛಾಯಾಳಿಗೆ ವಿವರಿಸುತ್ತಿದ್ದೆ.
ಲಗ್ನದ ಮಧ್ಯಸ್ಥಿ ಅನ್ನಿ, ಅಂದಳು,
ಅವಳ ಮನೆಗೆ ಮೊನ್ನೆ ಯಾರೋ ಬಂದುಹೋಗಿದ್ದರು.

ಮಿಕ್ಕಿದ್ದು ಬೇಗ ಆಯಿತು. ಸುತ್ತ ಹತ್ತಿ,
ಹಲ್ಲಿಗೆ ಅದರದೇ ಮೆತ್ತನೆಯ ಆಮ್ಲ, ಸಿಮೆಂಟು,
ಬೆರಳ ಒತ್ತು, ಅಂಚಲ್ಲಿ ಉಕ್ಕಿದ್ದನ್ನು ಕೆರೆದು
ನೀಲಿ ಬೆಳಕು.

ಇವತ್ತು ಊದಬೇಡ.
‘ರಾತ್ರಿ ವಾಗದರಿ ಮದಿವಿ ಐತಲ್ರಿ.’
ಬೇಡ ಅಂದರೆ ಬೇಡ.
‘ಹಂಗಾರ ಝಾಂಜ ಬಾರಸ್ತೀನಿ.’

ಕೊಟ್ಟ ನೋಟುಗಳಲ್ಲಿ ಪಿನ್ನು ಚುಚ್ಚಿದ ತೂತು,
ಯಾವುದೋ ಮದುವೆಯ ಅರಿಶಿನ.
ಡಬ್ಬಿ ಮರೆತು ಹೋಗಿದ್ದ.
ಮುಚ್ಚಲು ಹೋದರೆ, ಒಣಗಿದ ಸುಣ್ಣದಲ್ಲಿ
ಹಲ್ಲಿನ ಅಚ್ಚು, ನುಣುಪಾಗಿ.